ಮೊಹರಿನ ಹಿಂದೆ ಅಜ್ಜಿಯ ಪರದೆ

ಗೃಹೋಪಕರಣ ಸುರಕ್ಷತಾ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಕೆಂಪು ಮೊಹರಿನ ಒಡೆಯರಾದ ಮಾನ್ಯರೇ,

ಕಳೆದ ಮಂಗಳವಾರ ನಿಮ್ಮ ತನಿಖಾಧಿಕಾರಿ ನಮ್ಮ ಕಟ್ಟಡದ ನೆಲಮಾಳಿಗೆಗೆ ಬಂದು, ನಾವೆಲ್ಲ ಸರದಿಯಂತೆ ಬಳಸುವ ವಾಷಿಂಗ್ ಮಷಿನ್ನಿನ ಬಾಗಿಲಿಗೆ ಮೊಹರು ಅಂಟಿಸಿ ಹೋದರು. ಅಪರಾಧ: ‘ತಯಾರಕರದಲ್ಲದ ಬೋರ್ಡು’. ಒಳಗೆ ಬಟ್ಟೆಗಳಿದ್ದವು, ಒದ್ದೆಯಾಗಿದ್ದವು, ಈಗಲೂ ಇವೆ. ಗಾಜಿನಾಚೆಯಿಂದ ದರ್ಶನವಾಗುತ್ತದೆ, ವಾಸನೆಯಿಂದ ಮಾತ್ರ ಸದ್ಯಕ್ಕೆ ನೀವೇ ನಮ್ಮನ್ನು ಕಾಪಾಡಿದ್ದೀರಿ.

ಆ ಮಷಿನ್ನಿನ ಡ್ರಮ್ಮು, ಮೋಟಾರು ಇಂದಿಗೂ ಗಟ್ಟಿಮುಟ್ಟು. ಕೆಟ್ಟದ್ದು ಅಂಗೈಯಗಲದ ಎಲೆಕ್ಟ್ರಾನಿಕ್ ಬೋರ್ಡು. ಕಂಪನಿಯವರು “ಆ ಬೋರ್ಡ್ ಈಗ ಬರಲ್ಲ ಸಾರ್, ಹೊಸ ಮಷಿನ್ನೇ ತಗೊಂಬಿಡಿ” ಎಂದರು. ನೆಗಡಿಯಾಯಿತೆಂದು ಮೂಗನ್ನೇ ಕೊಯ್ಯುವ ವೈದ್ಯ! ಆಗ ರೇಡಿಯೊ ರಿಪೇರಿ ಮಾಡುವ ನನ್ನ ಅತ್ತಿಗೆ, ಊರೂರಿನ ಹವ್ಯಾಸಿಗಳು ಸೇರಿ ರೂಪಿಸಿದ ಬದಲಿ ಬೋರ್ಡೊಂದನ್ನು ಜೋಡಿಸಿ ಕೂರಿಸಿದರು. ಅದರ ನಕ್ಷೆ, ಪ್ರೋಗ್ರಾಮು ಎರಡನ್ನೂ ಅಂತರ್ಜಾಲದಲ್ಲಿ ಬಿಚ್ಚಿಟ್ಟಿದ್ದಾರೆ. ಯಾರು ಬೇಕಾದರೂ ನೋಡಬಹುದು, ತಿದ್ದಬಹುದು.

ಮುಚ್ಚಿಡುವುದೇಕೆ, ಮೊದಲ ದಿನ ಎಡವಟ್ಟಾಯಿತು. ನಮ್ಮ ಹಳೆಯ ಮಷಿನ್ನಿನ ನೀರಿನ ಮಟ್ಟ ಅಳೆಯುವ ಸ್ವಿಚ್ಚು ಉಲ್ಟಾ ಜಾತಿಯದಂತೆ; ಹೊಸ ಬೋರ್ಡು ತುಂಬಿದ್ದನ್ನು ಖಾಲಿಯೆಂದುಕೊಂಡು ನೀರು ಬಿಡುತ್ತಲೇ ಹೋಯಿತು. ನೆಲಮಾಳಿಗೆ ಕೆರೆಯಾಯಿತು.

“ಅತ್ತಿಗೆ, ಬಟ್ಟೆ ಒಗೆಯೋಕೆ ಹೇಳಿದ್ದು, ನಮ್ಮನ್ನಲ್ಲ!” ಎಂದೆ.

“ಸುಮ್ನಿರಯ್ಯಾ ಮೈದುನ, ಈ ನೆಪದಲ್ಲಾದ್ರೂ ನಿನ್ನ ಕಾಲು ತೊಳೆದಂಗಾಯ್ತು.”

ತಪ್ಪನ್ನು ಅತ್ತಿಗೆ ಎಲ್ಲರಿಗೂ ಕಾಣುವಂತೆ ಅಂತರ್ಜಾಲದಲ್ಲಿ ಆ ನಕ್ಷೆಯಿದ್ದಲ್ಲೇ ಬರೆದು ಹಾಕಿದರು. ನೆಲ ಒಣಗುವ ಮೊದಲೇ ಯಾವುದೋ ಊರಿನ ಅಪರಿಚಿತರೊಬ್ಬರು ತಿದ್ದುಪಡಿ ಕಳಿಸಿದರು. ಅಂದಿನಿಂದ ತೊಟ್ಟು ನೀರು ಚೆಲ್ಲಿಲ್ಲ. ಕಂಡ ತಪ್ಪು ತಿದ್ದಿಸಿಕೊಂಡಿತು. ಮುಚ್ಚಿದ ಡಬ್ಬಿಯೊಳಗಿನ ತಪ್ಪನ್ನು ಯಾರು ಕಾಣಬೇಕು, ಸ್ವಾಮಿ?

ನೀರೂ ಕರೆಂಟೂ ಕೂಡುವಲ್ಲಿ ಪರೀಕ್ಷೆ ಬೇಕು, ತಕರಾರಿಲ್ಲ. ಆದರೆ ನಿಮ್ಮವರು ಪರೀಕ್ಷಿಸಿದ್ದೇನು? ಅತ್ತಿಗೆಯನ್ನು ಕೇಳಿದ್ದಿಷ್ಟು:

“ಇದರ ಮೇಲೆ ಕಂಪನಿ ಹೆಸರೆಲ್ಲಮ್ಮಾ?”

“ಹೆಸರಿಲ್ಲ ಸಾರ್. ಪೂರ್ತಿ ನಕ್ಷೆ ಇದೆ, ನೋಡಿ.”

“ನಕ್ಷೆ ಯಾರಿಗೆ ಬೇಕು?”

ಪ್ಲಗ್ ಕಿತ್ತರು, ಮೊಹರು ಹಾಕಿದರು. ಕರೆಂಟು ಅಳೆಯುವ ಮೀಟರು ಅವರ ಚೀಲದಿಂದ ಹೊರಬರಲೇ ಇಲ್ಲ. ಮಷಿನ್ನಿನ ಹಿಂದಿನ ಗೋಡೆಯ ಮೇಲೆಯೇ ‘ಎಸೆಯುವ ಮುನ್ನ ದುರಸ್ತಿ ಮಾಡಿಸಿ’ ಎಂಬ ಭಿತ್ತಿಪತ್ರವಿದೆ. ನಿಮಗಿಂತ ಹಿಂದೆ ಆ ಕುರ್ಚಿಯಲ್ಲಿದ್ದವರು ಖುದ್ದಾಗಿ ಬಂದು ಅಂಟಿಸಿದ್ದು. ಗೋಂದಿನ ಡಬ್ಬಿ ಹಿಡಿದು ಪಕ್ಕದಲ್ಲಿ ನಿಂತವನು ನಾನೇ. ಕಚೇರಿ ಮರೆತಿರಬಹುದು, ಗೋಂದು ಮರೆತಿಲ್ಲ.

ಇನ್ನು ಪರದೆಯ ವಿಷಯ. ಸರದಿ ಯಾರದಿದ್ದರೂ ನೆಲಮಹಡಿಯ ಅಜ್ಜಿಯ ಬಟ್ಟೆ ಜೊತೆಗೆ ಹಾಕುವುದು ನಮ್ಮ ಕಟ್ಟಡದ ರೂಢಿ. ಮೊಹರು ಬಿದ್ದ ದಿನ ಹಾಕಿದ್ದು ಅವರ ಕಿಟಕಿಯ ಒಂದೇ ಒಂದು ಪರದೆಯನ್ನು. ಆ ಕಿಟಕಿಯಿರುವುದು ಬಸ್ ನಿಲ್ದಾಣದ ಎದುರಿಗೇ. “ಮಗಾ, ನಾನು ಟೀ ಕುಡಿದ್ರೆ ಬಸ್ಸಿಗೆ ಕಾಯೋರು ‘ಸಕ್ಕರೆ ಸಾಕಾ?’ ಅಂತ ಕೇಳ್ತಾರೆ!” ಎಂದು ಅಜ್ಜಿ ನಗುತ್ತಾರೆ. ಆದರೆ ಬಟ್ಟೆ ಬದಲಿಸಲು ಬಚ್ಚಲಮನೆಗೇ ಹೋಗುತ್ತಾರೆ, ಮಧ್ಯಾಹ್ನದ ನಿದ್ದೆ ಬಿಟ್ಟಿದ್ದಾರೆ. ಯಾರ ಸುರಕ್ಷತೆಗಾಗಿ ಈ ಮೊಹರು?

ಆದ್ದರಿಂದ ತಾವೇ ಬನ್ನಿ, ಮೀಟರು ತನ್ನಿ. ಕಂಪನಿಯ ಬೋರ್ಡಿಗೆ ಮಾಡುವ ಪರೀಕ್ಷೆಯನ್ನೇ ಇದಕ್ಕೂ ಮಾಡಿ. ಗೆದ್ದರೆ ಒಪ್ಪಿಗೆ ಬರೆದುಕೊಡಿ. ಸೋತರೆ ಎಲ್ಲಿ ಎಂದು ಹೇಳಿ. ತಿದ್ದುತ್ತೇವೆ, ಆ ತಿದ್ದುಪಡಿ ಇದೇ ಬೋರ್ಡಿರುವ ಎಲ್ಲ ಮನೆಗಳಿಗೂ ತಲುಪುತ್ತದೆ. ಎರಡಕ್ಕೂ ಮೊದಲು ಬಾಗಿಲು ತೆರೆಯಿರಿ. ಮೂಗಿಗೆ ಕರವಸ್ತ್ರವಿರಲಿ. ಬಸ್ಸಿನಲ್ಲಿ ಬಂದರೆ ದಾರಿ ಕೇಳಬೇಕಿಲ್ಲ: ಇಳಿದೊಡನೆ ಎದುರಿನ ಕಿಟಕಿಯಲ್ಲಿ ಅಜ್ಜಿ ಕಾಣುತ್ತಾರೆ.

ಇಂತಿ,
ಒಂದು ಕಾಲಿಗೆ ಕಪ್ಪು, ಇನ್ನೊಂದಕ್ಕೆ ಕಂದು ಕಾಲುಚೀಲ ತೊಟ್ಟು ಕಾಯುತ್ತಿರುವ
ಮಂಗಳವಾರದ ಸರದಿಯವನು