ಏರದ ಪಾದರಸ, ತಪ್ಪಿದ ಒಬ್ಬಟ್ಟು

ಬಾಗಲಗುಂಟೆ, ೨೧-೪-೨೦೨೪, ಭಾನುವಾರ, ರಾತ್ರಿ.

೧. ಕೆಳಗೆ ಸಹಿ ಮಾಡಿರುವ ನನಗೆ ಬೆಳಗಿನಿಂದ ಜ್ವರವಿರುತ್ತದೆ.
೨. ತಣಿಸಂದ್ರದಲ್ಲಿ ತಂಗಿಯ ಮನೆಯ ಗೃಹಪ್ರವೇಶ, ಒಬ್ಬಟ್ಟಿನ ಊಟ.
೩. ಜ್ವರವಿದ್ದರೆ ಹೋಗಕೂಡದೆಂದು ಪತ್ನಿ ಸೊಣ್ಣಮ್ಮನ ಆದೇಶ.

ಬಿಸಿ ತಾಗಿದರೆ ಹಿಗ್ಗಿ ಮೇಲೇರುವುದು ಪಾದರಸದ ಧರ್ಮವೆಂದು ಬಲ್ಲ ನಾನು, ಥರ್ಮಾಮೀಟರ್ ಬರುವ ಮುನ್ನವೇ ಗುಟ್ಟಾಗಿ ಬಾಯಲ್ಲಿ ಐಸ್ ಕರಗಿಸಿಕೊಂಡು ಸಿದ್ಧನಾದೆನು.

ಸೊಣ್ಣಮ್ಮ ಥರ್ಮಾಮೀಟರನ್ನು ನನ್ನ ಬಾಯಿಂದ ತೆಗೆದು ಬೆಳಕಿಗೆ ಹಿಡಿದು, "ಪಾದರಸ ಅಲ್ಲಾಡೇ ಇಲ್ವಲ್ರೀ! ಬದುಕಿದ್ದೀರಾ, ಇಲ್ವಾ?" ಎಂದು ಕೂಗಿದಳು.

ಅಡುಗೆಮನೆಯಿಂದ ಸೊಸೆ ವನಿತಾ, "ಅತ್ತೆ, ಐಸ್ ಟ್ರೇ ಖಾಲಿ ಮಾಡಿದ್ಯಾರು?" ಎಂದಳು.

"ಓಹೋ! ಕೈ ಎತ್ರೀ, ಕಂಕುಳಲ್ಲಿ ಇಡ್ತೀನಿ."

ನೂರೆರಡು.

ಎಲ್ಲರೂ ಉಂಡು ಬಂದಿದ್ದಾರೆ. ಒಬ್ಬಟ್ಟು ಬಾಯಲ್ಲಿಟ್ಟರೆ ಕರಗುತ್ತಿತ್ತಂತೆ. ಐಸಿನಂತೆಯೇ ಎಂದು ವನಿತಾ ನಕ್ಕಳು. ಈ ಅನ್ಯಾಯವನ್ನು ನಾನು ಯಾವ ಘನ ಸನ್ನಿಧಾನಕ್ಕೆ ಅರಿಕೆ ಮಾಡಿಕೊಳ್ಳಲಿ?

ಇಂತಿ, ಹಸಿದಿರುವ
ಮುನಿಗಂಗಪ್ಪ

ಲಗತ್ತು: ಗಂಜಿ, ಒಂದು ಬಟ್ಟಲು. ಮುಟ್ಟಿರುವುದಿಲ್ಲ.