ರೈಟ್ ಅಂದರೆ ಮುಂದಕ್ಕೆ

ಹಳೇಬೀಡು
12 ನವೆಂಬರ್ 2025, ಬುಧವಾರ

ಪ್ರೀತಿಯ ಮಗ ಉಮೇಶನಿಗೆ, ಅಪ್ಪ ಮನಸಾರೆ ಹರಸಿ ಬರೆಯುವುದು,

ನಿನ್ನ ಆರೋಗ್ಯ ಹೇಗಿದೆ? ಜೋಧಪುರದಲ್ಲಿ ಹಗಲೆಲ್ಲ ಬಿಸಿಲು, ಸೂರ್ಯ ಮುಳುಗಿದರೆ ಚಳಿ ಎಂದು ಸೊಸೆ ಹೇಮಾಶ್ರೀ ಹೇಳಿದಳು. ಮಂಡಿನೋವನ್ನು ನಿಮ್ಮ ಮಿಲಿಟರಿ ಡಾಕ್ಟರಿಗೆ ತೋರಿಸಿದೆಯಾ, ಇಲ್ಲ ಎಂದಿನಂತೆ ನಾಳೆ ನಾಳೆ ಅನ್ನುತ್ತಿದ್ದೀಯಾ? ನಿನ್ನ ಅಮ್ಮ ಕಳಿಸಿದ ಹುಚ್ಚೆಳ್ಳು ಚಟ್ನಿಪುಡಿ ಇಷ್ಟು ಹೊತ್ತಿಗೆ ತಲುಪಿರಬೇಕು. ಜೊತೆಯವರಿಗೆಲ್ಲ ಧಾರಾಳವಾಗಿ ಹಂಚಿ ಕೊನೆಗೆ ನೀನು ಡಬ್ಬಿ ಕೆರೆಯುತ್ತಾ ಕೂರಬೇಡ. ಇಲ್ಲಿ ನಾವೆಲ್ಲ ಕ್ಷೇಮ. ಅಮ್ಮನ ಬಿ.ಪಿ. ಹತೋಟಿಯಲ್ಲಿದೆ, ಬಾಯಿ ಮಾತ್ರ ಇಲ್ಲ. ಕೆಂಪು ಹಸು ಹೆಣ್ಣು ಕರು ಹಾಕಿದೆ. ತೆಂಗಿಗೆ ಹುಳು ಬಿದ್ದು ಈ ಸಲ ಕಾಯಿ ಅಷ್ಟಕ್ಕಷ್ಟೆ. ಮಾಲೇಕಲ್ಲು ತಿರುಪತಿ ಬೆಟ್ಟಕ್ಕೆ ಹೋಗಿ ಬರಬೇಕೆಂದು ಅಮ್ಮ ಹಟ ಹಿಡಿದಿದ್ದಾಳೆ. ಅಷ್ಟು ಮೆಟ್ಟಿಲು ಹತ್ತುವವರು ಯಾರು ಎಂದರೆ ನನ್ನನ್ನೇ ಮೇಲಿಂದ ಕೆಳಕ್ಕೆ ನೋಡುತ್ತಾಳೆ.

ಈ ಪತ್ರ ನಿನ್ನ ಮಗಳು ಭವ್ಯಾಳ ವಿಷಯಕ್ಕೆ. ಅವಳನ್ನು ಶಾಲೆಯ ರೋಬೋಟ್ ತಂಡದಿಂದ ಬಿಡಿಸಿ ಟ್ಯೂಷನ್ನಿಗೆ ಹಾಕಿ ಎಂದು ನೀನು ಫೋನಿನಲ್ಲಿ ಹೇಳಿ ಇಂದಿಗೆ ಹದಿನೇಳು ದಿನವಾಯಿತು. ಹಾಗೆ ಹೇಳುವ ಮೊದಲು ನಿನಗೆ ತಿಳಿದಿರಬೇಕಾದ ಒಂದು ಸಂಗತಿ ಇತ್ತು. ಅದು ಗೊತ್ತಿದ್ದ ನಾನು ಬಾಯಿ ಬಿಡಲಿಲ್ಲ. ಈಗ ಮೊದಲಿನಿಂದ ಬರೆಯುತ್ತೇನೆ. ಉದ್ದವಾಯಿತು ಎಂದು ಬೇಸರ ಮಾಡಿಕೊಳ್ಳದೆ ಪೂರ್ತಿ ಓದು.

ದಸರಾ ರಜೆ ಶುರುವಾದ ದಿನ ವಿಜ್ಞಾನದ ಮೇಷ್ಟ್ರು ರಾಜಶೇಖರ್ ಮನೆಗೆ ಬಂದರು. ತಂಡದಲ್ಲಿ ಭವ್ಯಾ ಸೇರಿ ಆರು ಮಕ್ಕಳು. ಸ್ಪರ್ಧೆಗಳು ಶುರುವಾಗುವ ಮುಂಚೆ ಅಭ್ಯಾಸಕ್ಕೆ ಹನ್ನೆರಡು ಅಡಿ ಉದ್ದ, ಹನ್ನೆರಡು ಅಡಿ ಅಗಲದ ಜಾಗ ಬೇಕು, ಶಾಲೆಯಲ್ಲಿ ಇಲ್ಲ, ನಿಮ್ಮ ಕಾಯಿ ಶೆಡ್ಡು ಕೊಡುತ್ತೀರಾ ಎಂದು ಕೇಳಿದರು. ಶೆಡ್ಡು ಹೇಗೂ ಅರ್ಧಕ್ಕರ್ಧ ಖಾಲಿ, ಕೊಟ್ಟೆ. ಮಕ್ಕಳು ಇದ್ದ ಕಾಯಿಯನ್ನೂ ಒಂದು ಮೂಲೆಗೆ ಒಟ್ಟಿ, ನೆಲಕ್ಕೆ ರಬ್ಬರ್ ಹಾಸಿ, ಸುತ್ತ ಗಿಡ್ಡ ಹಲಗೆ ನಿಲ್ಲಿಸಿದರು. ನಡುವೆ ಪ್ಲಾಸ್ಟಿಕ್ ಪೈಪಿನ ಒಂದು ಗೋಪುರ. ಎರಡೂವರೆ ನಿಮಿಷದಲ್ಲಿ ರೋಬೋಟು ನೆಲದ ಮೇಲಿನ ಹಳದಿ ಚೆಂಡುಗಳನ್ನು ಎತ್ತಿಕೊಂಡು ಹೋಗಿ ಗೋಪುರದ ಆಚೆಗಿರುವ ಬುಟ್ಟಿಗೆ ಹಾಕಬೇಕು. ನಾಲ್ಕು ಚಕ್ರ, ಮೋಟಾರು, ಚೆಂಡು ಹಿಡಿಯಲು ಒಂದು ಕೈ, ಇಷ್ಟೇ ಅದು. ನಾನು ಗಾಡಿ ಅಂತಲೇ ಕರೆಯುವುದು. ಓಡಿಸುವವಳು ಭವ್ಯಾ. ಹಲಗೆಯ ಹೊರಗೆ ನಿಂತು, ಎರಡು ಕೈಯಲ್ಲಿ ರಿಮೋಟು ಹಿಡಿದು, ನಾಲಿಗೆ ತುದಿ ಕಚ್ಚಿಕೊಂಡು ಓಡಿಸುತ್ತಾಳೆ. ನೀನು ಸೈಕಲ್ ಕಲಿಯುವಾಗ ಹೀಗೇ ನಾಲಿಗೆ ಕಚ್ಚುತ್ತಿದ್ದೆ.

ತೊಂದರೆ ಇದ್ದದ್ದು ಆ ಗೋಪುರದಲ್ಲಿ. ಗಾಡಿ ಅದರ ಹಿಂದಕ್ಕೆ ಹೋದರೆ ಓಡಿಸುವವಳಿಗೆ ಕಾಣುವುದಿಲ್ಲ, ಯಾರಾದರೂ ಪಕ್ಕದಲ್ಲಿ ನಿಂತು ನೋಡಿ ಹೇಳಬೇಕು. ಹೇಳಲು ಐದು ಜನವೂ ಸಿದ್ಧ. ಒಬ್ಬ ಲೆಫ್ಟ್ ಅಂದರೆ ಇನ್ನೊಬ್ಬಳು ರೈಟ್ ಅನ್ನುವಳು. ಯಾರ ಲೆಫ್ಟು, ಗಾಡಿಯದೋ ಹೇಳುವವರದೋ ಎಂದು ಮತ್ತೊಂದು ಜಗಳ. ಮೂರು ದಿನ ಕಟ್ಟೆ ಮೇಲೆ ಕೂತು ನೋಡಿದೆ. ನಾಲ್ಕನೆಯ ದಿನ ಗಾಡಿ ಇನ್ನೇನು ಗೋಪುರಕ್ಕೆ ಗುದ್ದಬೇಕು, ನನಗೆ ಗೊತ್ತಿಲ್ಲದೆ "ಹೋಲ್ಡಾನ್!" ಎಂದು ಕೂಗಿಬಿಟ್ಟೆ. ಅರಸೀಕೆರೆ–ಬೇಲೂರು ಬಸ್ಸಿನಲ್ಲಿ ಮೂವತ್ತೊಂದು ವರ್ಷ ಕಂಡಕ್ಟರ್ ಕೆಲಸ ಮಾಡಿದವನ ಗಂಟಲು. ಗಾಡಿ ನಿಂತಿತು, ಮಕ್ಕಳೂ ನಿಂತರು. ರಸ್ತೆಯಲ್ಲಿ ಹೋಗುತ್ತಿದ್ದ ಟ್ರಾಕ್ಟರೂ ನಿಂತಿತು ಎಂದು ನಿನ್ನ ಅಮ್ಮ ಎಲ್ಲರಿಗೂ ಹೇಳುತ್ತಾಳೆ, ಅದು ಸುಳ್ಳು.

ಅಂದಿನಿಂದ ಹೇಳುವ ಕೆಲಸ ನನ್ನದಾಯಿತು. ಬಸ್ಸಿನ ಭಾಷೆ ನಿನಗೆ ಹೇಳಿಕೊಡಬೇಕಾಗಿಲ್ಲ, ಚಿಕ್ಕಂದಿನಲ್ಲಿ ನನ್ನ ಸೀಟಿನಲ್ಲಿ ಕೂತು ಪ್ರಯಾಣ ಮಾಡಿದವನು ನೀನು. ರೈಟ್ ಅಂದರೆ ಮುಂದಕ್ಕೆ ಹೋಗು. ರೈಟ್ ರೈಟ್ ಅಂದರೆ ಬೇಗ ಹೋಗು. ಹೋಲ್ಡಾನ್ ಅಂದರೆ ನಿಲ್ಲು, ಬರ್ಲಿ ಬರ್ಲಿ ಅಂದರೆ ಹಿಂದಕ್ಕೆ. ತಿರುಗುವುದಕ್ಕೆ ಮಾತ್ರ ಬೇರೆ ಪದ ಬೇಕಾಯಿತು. ಬಲಕ್ಕೆ 'ಡ್ರೈವರ್ ಕಡೆ' ಎಂದೂ ಎಡಕ್ಕೆ 'ಬಾಗಿಲ ಕಡೆ' ಎಂದೂ ಮಾಡಿದೆ. ಬಸ್ಸಿನಲ್ಲಿ ಡ್ರೈವರ್ ಎಲ್ಲಿ ಕೂರುತ್ತಾನೆ, ಬಾಗಿಲು ಎಲ್ಲಿದೆ ಎಂಬುದು ನಮ್ಮ ಮಕ್ಕಳಿಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗೊತ್ತು. ಯಾರ ಎಡ, ಯಾರ ಬಲ ಎಂಬ ಜಗಳ ಅಲ್ಲಿಗೆ ಮುಗಿಯಿತು. ಮಾದಿಹಳ್ಳಿಯಿಂದ ದಿನಾ ಬರುವ ಸಿಂಧು ಎಂಬ ಹುಡುಗಿಯಂತೂ ನನಗಿಂತ ಚೆನ್ನಾಗಿ ಕೂಗಲು ಕಲಿತಳು. ರಜೆ ಮುಗಿಯುವ ಹೊತ್ತಿಗೆ ಬೇಲೂರಿನ ಶಾಲೆಯೊಂದರ ತಂಡದ ಜೊತೆ ಸುಮ್ಮನೆ ಒಂದು ಅಭ್ಯಾಸದ ಪಂದ್ಯ ಆಡಿಸಿದರು. ಅವರದು ಒಂಬತ್ತು ಚೆಂಡು, ನಮ್ಮದು ಹದಿನಾಲ್ಕು. ಅಲ್ಲಿಯ ಹುಡುಗನೊಬ್ಬ ಬಂದು "ನಿಮ್ಮ ಕೋಚು ಯಾವ ಡಿಪೋದೋರು?" ಎಂದು ಭವ್ಯಾಳನ್ನು ಕೇಳಿದನಂತೆ. "ಅರಸೀಕೆರೆ ಡಿಪೋ, ರಿಟೈರ್ಡು" ಎಂದಳಂತೆ ನಿನ್ನ ಮಗಳು. ಕೇಳಿ ನನಗೆ ಬಹಳ ಸಂತೋಷವಾಯಿತು, ಅದನ್ನು ಮುಚ್ಚಿಡುವುದೇಕೆ.

ಅಕ್ಟೋಬರ್ ಇಪ್ಪತ್ತೈದನೇ ತಾರೀಕು ಹಾಸನದಲ್ಲಿ ಮೊದಲ ಸ್ಪರ್ಧೆ. ಇಪ್ಪತ್ತು ಶಾಲೆ, ಮೂರು ಸುತ್ತು. ಮೊದಲ ಆರು ಸ್ಥಾನದವರಿಗೆ ಮೈಸೂರಿನ ಮುಂದಿನ ಸ್ಪರ್ಧೆ. ಓಡಿಸುವವರ ಪಕ್ಕದಲ್ಲಿ ತಂಡದ ವಿದ್ಯಾರ್ಥಿ ಅಥವಾ ಶಾಲೆಯ ಮೇಷ್ಟ್ರು ಮಾತ್ರ ನಿಲ್ಲಬೇಕೆಂಬುದು ಅಲ್ಲಿಯ ನಿಯಮ. ಹಾಗಾಗಿ ನಾನು ಮೇಲೆ, ನೋಡುವವರ ಸಾಲಿನಲ್ಲಿ ಕೂತೆ. ಎರಡು ಸುತ್ತು ಸಿಂಧು ನಿಂತು ಕೂಗಿದಳು. ಅವಳು ಬಾಗಿಲ ಕಡೆ ಎಂದಾಗಲೆಲ್ಲ ಜನ ಗೊಳ್ಳೆಂದು ನಕ್ಕರು. ನಕ್ಕರೇನು, ಗಾಡಿ ಹೇಳಿದಂತೆ ಕೇಳಿತು. ಎರಡು ಸುತ್ತು ಮುಗಿದಾಗ ನಾವು ಎರಡನೇ ಸ್ಥಾನದಲ್ಲಿದ್ದೆವು. ಆದರೆ ರಾಜಶೇಖರ್ ಮೇಷ್ಟ್ರ ಮುಖ ಸಣ್ಣಗಾಗಿತ್ತು. ಬೇರೆ ಶಾಲೆಯ ಮೇಷ್ಟ್ರೊಬ್ಬರು ಅವರ ಬೆನ್ನು ತಟ್ಟಿ, ಟಿಕೆಟ್ ಟಿಕೆಟ್ ಎಂದು ತಮಾಷೆ ಮಾಡಿದ್ದರಂತೆ. ಮೂರನೇ ಸುತ್ತಿಗೆ ಸಿಂಧುವನ್ನು ಹಿಂದೆ ನಿಲ್ಲಿಸಿ ಅವರೇ ಪಕ್ಕಕ್ಕೆ ಬಂದು ನಿಂತರು. ಈಗ ಎಲ್ಲರ ಹಾಗೆ ಲೆಫ್ಟು ರೈಟು ಅಂತಲೇ ಹೇಳುತ್ತೇನೆ ಎಂದು ಭವ್ಯಾಳಿಗೆ ಹೇಳಿದ್ದರು ಕೂಡ. ಅವಳು ತಲೆಯಾಡಿಸಿದ್ದಳು.

ಸುತ್ತು ಶುರುವಾಗಿ ಒಂದು ನಿಮಿಷ ಚೆನ್ನಾಗಿಯೇ ಹೋಯಿತು. ಗಾಡಿ ಗೋಪುರದ ಹಿಂದೆ ಹೋಯಿತು. ಸುತ್ತಲಿನ ಹಲಗೆ ಎದುರಿಗೇ ಇತ್ತು, ಬುಟ್ಟಿ ಇದ್ದದ್ದು ಬಲಕ್ಕೆ. ಮೇಷ್ಟ್ರು "ರೈಟ್" ಎಂದರು. ಭವ್ಯಾ ಗಾಡಿ ನಿಲ್ಲಿಸಿದಳು. ಈ ರೈಟು ಯಾವ ರೈಟು ಎಂದು ಒಂದು ಕ್ಷಣ ಯೋಚಿಸುತ್ತಿದ್ದಳು. ಇನ್ನೊಂದು ಕ್ಷಣ ಬಿಟ್ಟಿದ್ದರೆ ಸರಿಯಾಗಿ ತಿರುಗಿಸುತ್ತಿದ್ದಳು, ಅವಳ ಹೆಬ್ಬೆರಳು ಆ ಕಡೆಗೆ ಸರಿದದ್ದನ್ನು ನಾನು ಮೇಲಿನಿಂದ ಕಂಡೆ. ನನಗೆ ಹಲಗೆ ಕಾಣಲಿಲ್ಲ, ನಿಂತ ಗಾಡಿ ಮತ್ತು ಓಡುವ ಗಡಿಯಾರ ಕಂಡಿತು. ನಿಂತ ಗಾಡಿ ನೋಡಿದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. "ರೈಟ್ ರೈಟ್!" ಎಂದು ಕೂಗಿದೆ. ಸುತ್ತಲಿನ ಗದ್ದಲದಲ್ಲಿ ಅದು ಬೇರೆ ಯಾರ ಕಿವಿಗೂ ಬೀಳಲಿಲ್ಲ. ಅವಳಿಗೆ ನನ್ನ ದನಿ ಗೊತ್ತು. ಪೂರ್ತಿ ವೇಗದಲ್ಲಿ ಮುಂದಕ್ಕೆ ಬಿಟ್ಟಳು. ಮೇಷ್ಟ್ರು ಗಾಬರಿಯಾಗಿ ಇನ್ನೂ ಜೋರಾಗಿ ರೈಟ್ ರೈಟ್ ಎಂದರು, ಅವಳು ಇನ್ನೂ ಜೋರು ಮಾಡಿದಳು. ಗಾಡಿ ಹಲಗೆಗೆ ಗುದ್ದಿ ಚೆಂಡು ಹಿಡಿಯುವ ಕೈ ಮುರಿದುಬಿತ್ತು. ಉಳಿದ ಒಂದೂಕಾಲು ನಿಮಿಷ ಆರು ಮಕ್ಕಳೂ ನಿಂತು ಅದನ್ನೇ ನೋಡಿದರು. ಎರಡರಿಂದ ಆರನೇ ಸ್ಥಾನಕ್ಕೆ ಇಳಿದೆವು. ಮೈಸೂರಿಗೆ ಕೊನೆಯ ಸೀಟು ಸಿಕ್ಕಿತು, ಅಷ್ಟೆ.

ಏನಾಯಿತು ಎಂದು ಕೇಳಿದವರಿಗೆಲ್ಲ ಭವ್ಯಾ "ನಂಗೇ ಕನ್ಫ್ಯೂಸ್ ಆಯ್ತು" ಎಂದು ಒಂದೇ ಮಾತು ಹೇಳಿದಳು. ಹೇಮಾಶ್ರೀ ಅದನ್ನೇ ನಿನಗೆ ಹೇಳಿದಳು. ಮಾರನೆಯ ದಿನ ನೀನು ಫೋನಿನಲ್ಲಿ "ಎಡ ಯಾವ್ದು ಬಲ ಯಾವ್ದು ಅಂತ ಗೊತ್ತಾಗ್ದಿರೋಳಿಗೆ ಅದೆಲ್ಲ ಯಾಕೆ? ಬಿಡ್ಸಿ ಟ್ಯೂಷನ್‌ಗೆ ಹಾಕಿ" ಅಂದೆ. ಸ್ಪೀಕರ್ ಹಾಕಿತ್ತು. ಎಲ್ಲರೂ ಅಡುಗೆಮನೆಯಲ್ಲಿ ತಟ್ಟೆ ಮುಂದೆ ಕೂತಿದ್ದೆವು. ಭವ್ಯಾ ತಲೆ ಬಗ್ಗಿಸಿ ಮುದ್ದೆ ಮುರಿಯುತ್ತಿದ್ದಳು. ಒಂದು ಸಲವೂ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ವಾಸಿಯಿತ್ತು, ನಾನು ಹೇಳಿಬಿಡುತ್ತಿದ್ದೆನೋ ಏನೋ. ಮೂವತ್ತೊಂದು ವರ್ಷದ ಕೆಲಸದಲ್ಲಿ ತಪ್ಪಿಗೆಂದು ಒಂದು ಮೆಮೋ ತೆಗೆದುಕೊಳ್ಳದವನು ಹದಿನಾಲ್ಕು ವರ್ಷದ ಹುಡುಗಿಯ ಹಿಂದೆ ಅಡಗಿ ಕೂತೆ. ನನಗೆ ನಾಚಿಕೆಯಾಯಿತು ಉಮೇಶ, ಈಗಲೂ ಆಗುತ್ತಿದೆ. ಮರುದಿನದಿಂದ ಅವಳು ಶಾಲೆ ಬಿಟ್ಟ ಮೇಲೆ ಶೆಡ್ಡಿಗೆ ಬರುವುದನ್ನು ನಿಲ್ಲಿಸಿದಳು. ಉಳಿದ ಐವರು ಬಂದು ಮುರಿದ ಕೈ ರಿಪೇರಿ ಮಾಡಿದರು. ಅವರು ಕೆಲಸ ಮಾಡುವ ಸದ್ದು ಕೇಳಿಸಿಕೊಂಡು ಇವಳು ಹಜಾರದಲ್ಲಿ ಲೆಕ್ಕದ ಪುಸ್ತಕ ಹಿಡಿದು ಕೂತಿರುತ್ತಿದ್ದಳು. ಎಷ್ಟು ಹೊತ್ತಾದರೂ ಪುಟ ಮಗುಚುತ್ತಿರಲಿಲ್ಲ.

ಮೊನ್ನೆ ಸೋಮವಾರ ಶೆಡ್ಡಿಗೆ ಹೋಗಿ ಮೇಷ್ಟ್ರು ಮತ್ತು ಮಕ್ಕಳ ಮುಂದೆ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಹೇಳಲು ಒಂದು ನಿಮಿಷವೂ ಹಿಡಿಯಲಿಲ್ಲ. ರಾಜಶೇಖರ್ "ಅಲ್ಲ ರಾಮಣ್ಣೋರೆ, ನಾನೂ ಆವತ್ತು ಪದ ಬದಲಾಯಿಸಬಾರದಿತ್ತು" ಎಂದರು. ದೊಡ್ಡ ಮನಸ್ಸು ಅವರದು. ನಾನೇ ಹೋಗಿ ಭವ್ಯಾಳನ್ನು ಕರೆದುಕೊಂಡು ಬಂದೆ. ಇನ್ನು ಮೇಲೆ ರೈಟ್ ಎಂಬ ಪದವೇ ಬೇಡ, ಹೋಗ್ಲಿ ಎಂದು ಇಟ್ಟುಕೊಳ್ಳೋಣ ಎಂದೆ. ಅವಳು ಒಪ್ಪಲಿಲ್ಲ. "ಪದ ಚೆನ್ನಾಗೇ ಐತೆ ತಾತ, ಹೇಳೋರು ಒಬ್ರೇ ಇರ್ಲಿ" ಎಂದಳು. ಆರು ಮಕ್ಕಳಲ್ಲಿ ಅವಳನ್ನೇ ಓಡಿಸಲು ಏಕೆ ನಿಲ್ಲಿಸಿದ್ದಾರೆ ಎಂಬುದು ನನಗೆ ಆಗ ಅರ್ಥವಾಯಿತು. ಹೇಳುವವಳು ಸಿಂಧು ಎಂದು ನಿಶ್ಚಯವಾಯಿತು. ಮೈಸೂರಿಗೆ ನಾನು ಬರುವುದಿಲ್ಲ ಎಂದು ಹೇಳಿದ್ದೇನೆ. ಬಾಯಿಗೆ ಟವೆಲ್ ಕಟ್ಕೊಂಡು ಕೂತ್ಕೋ, ಬಾ ತಾತ ಎಂದು ಭವ್ಯಾ ರೇಗಿಸಿದಳು. ಹದಿನೈದು ದಿನದಲ್ಲಿ ಅವಳು ನಕ್ಕಿದ್ದು ಅದೇ ಮೊದಲು. ಆದರೂ ಬೇಡ, ನನ್ನ ಮೇಲೆ ನನಗೇ ನಂಬಿಕೆಯಿಲ್ಲ.

ಮೈಸೂರಿನ ಸ್ಪರ್ಧೆಗೆ ಮನೆಯವರ ಒಪ್ಪಿಗೆಯ ಫಾರಂ ಬಂದಿದೆ. ಹೇಮಾಶ್ರೀ ನಿನ್ನ ಮಾತು ಮೀರಿ ಸಹಿ ಹಾಕಲು ಹಿಂಜರಿಯುತ್ತಿದ್ದಾಳೆ, ಅದು ತಪ್ಪಲ್ಲ. ಮುಂದಿನ ವರ್ಷ ಹತ್ತನೇ ಕ್ಲಾಸು ಎಂಬ ನಿನ್ನ ಚಿಂತೆಯೂ ತಪ್ಪಲ್ಲ. ಟ್ಯೂಷನ್ನಿಗೆ ಬೇಕಾದರೆ ಜನವರಿಯಿಂದ ನಾನೇ ಬೇಲೂರಿಗೆ ಕರೆದುಕೊಂಡು ಹೋಗಿ ಬರುತ್ತೇನೆ. ಆದರೆ ಎಡ ಬಲ ಗೊತ್ತಿಲ್ಲದವಳು ಎಂದು ಅವಳನ್ನು ತಂಡದಿಂದ ಬಿಡಿಸಬೇಡ. ಅವಳಿಗೆ ಗೊತ್ತಿತ್ತು. ನನ್ನ ಮಾತು ಕೇಳಿ ಕೆಟ್ಟಳು, ನನ್ನ ಹೆಸರು ಹೇಳದೆ ಬೈಸಿಕೊಂಡಳು.

ಅಮ್ಮ ನಿನಗೆ ಆಶೀರ್ವಾದ ತಿಳಿಸಲು ಹೇಳಿದ್ದಾಳೆ, ಮಂಡಿಗೆ ಹರಳೆಣ್ಣೆ ಬಿಸಿ ಮಾಡಿ ಹಚ್ಚಬೇಕಂತೆ. ಹೊಸ ಕರುವಿಗೆ ನೀನೇ ಹೆಸರು ಆರಿಸಿ ಬರೆ, ಇಲ್ಲಿ ನಾಲ್ಕು ಜನ ನಾಲ್ಕು ಹೆಸರಿನಲ್ಲಿ ಕರೆಯುತ್ತಿದ್ದೇವೆ. ಮೈ ಕಡೆ ನಿಗಾ ಇರಲಿ, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ರಾಮಣ್ಣ

ಮರೆತ ಮಾತು: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಆ ಫಾರಮ್ಮಿಗೆ ಇವತ್ತು ಬೆಳಿಗ್ಗೆ ನಾನೇ ಸಹಿ ಹಾಕಿ ಮೇಷ್ಟ್ರ ಕೈಗೆ ಕೊಟ್ಟೆ. ಸಂಬಂಧ ಎಂಬಲ್ಲಿ ತಾತ ಎಂದು ಬರೆದಿದ್ದೇನೆ. ಹೇಮಾಶ್ರೀಗೆ ಗೊತ್ತು, ತಾನಾಗಿ ನಿನಗೆ ಹೇಳುವುದಿಲ್ಲವಂತೆ, ನೀನಾಗಿ ಕೇಳಿದರೆ ಸುಳ್ಳೂ ಹೇಳುವುದಿಲ್ಲವಂತೆ. ಸ್ಪರ್ಧೆ ಇದೇ ಶನಿವಾರ. ಇಲ್ಲಿಂದ ಜೋಧಪುರಕ್ಕೆ ಪತ್ರ ಬರಲು ಏಳೆಂಟು ದಿನ ಬೇಕೆಂದು ಪೋಸ್ಟಾಫೀಸಿನಲ್ಲಿ ವಿಚಾರಿಸಿಯೇ ಬರೆಯಲು ಕೂತೆ. ಫೋನ್ ಮಾಡಿದ್ದರೆ ಬೇಡ ಅನ್ನಲು ನಿನಗೆ ಸಮಯ ಇರುತ್ತಿತ್ತು.