ಕಿರುಬೆರಳಿನ ಜಾರು

ತಮ್ಮಾ,

ನೀನು ತೀರಿಕೊಂಡ ವರ್ಷವೇ ಆ ಆಡಿಯೋ ಕಂಪನಿ, ನೀನು ಕಳಿಸಿಕೊಟ್ಟಿದ್ದ ಗಿಟಾರ್ ವಾದನವನ್ನು ತನ್ನ ಹಾಡೊಂದಕ್ಕೆ ಸೇರಿಸಿ, ಇನ್ನೊಬ್ಬನ ಹೆಸರಿನಲ್ಲಿ ಮಾರಾಟಕ್ಕಿಟ್ಟಿತು. ಊರು ಮರೆತಿದೆ, ನಾನು ಮರೆತಿಲ್ಲ.

ಗಿಟಾರಿನ ದನಿ ಹಿಗ್ಗಿಸುವ ಆಂಪ್ ಪೆಟ್ಟಿಗೆ ಇಲ್ಲದೆ ನೇರವಾಗಿ ಕಂಪ್ಯೂಟರಿಗೆ ನೀನು ನುಡಿಸಿಟ್ಟಿದ್ದ ಹಸಿ ಧ್ವನಿಯನ್ನು ಇವತ್ತು ನಿನ್ನ ಕೋಣೆಯಲ್ಲೇ ಆಂಪಿಗೆ ಕೊಟ್ಟು, ಎದುರಿಗೆ ಮೈಕ್ ಇಟ್ಟು, ಅವರ ಹಾಡಿನ ಜೊತೆ ಹೋಲಿಸಿ ನೋಡಲೆಂದು ಮತ್ತೆ ಧ್ವನಿಮುದ್ರಿಸಿದೆವು. ಅವರ ಹಾಡಿನ ದನಿಗಳನ್ನು ಕೂಡಿಸಿ ಮಿಕ್ಸ್ ಮಾಡಿದ ಇಂಜಿನಿಯರನನ್ನೇ ಕರೆಸಿದ್ದೆ. ಅವನು ಆಂಪಿನ ಗುಂಡಿ ತಿರುಗಿಸುವಾಗ ನಿನ್ನ ಹೆಂಡತಿ, "ಜಾಸ್ತಿ ತಿರುಗಿಸ್ಬೇಡಪ್ಪ, ನಮ್ಮನೆಯವರು ಎದ್ದು ಬಂದು ಬೈದ್ಬಿಟ್ಟಾರು" ಎಂದಳು.

ಆಂಪ್ ಬದಲಿಸಿ ನೋಡಿದೆವು. ದನಿ ಒಮ್ಮೆ ಒರಟಾಯಿತು, ಒಮ್ಮೆ ನುಣುಪಾಯಿತು. ಆದರೆ ಮುರಿದು ಕೂಡಿಕೊಂಡ ನಿನ್ನ ಕಿರುಬೆರಳು ಮಡಚಲಾರದೆ, ಪಲ್ಲವಿಯ ಕೊನೆಯ ಸ್ವರಕ್ಕೆ ಕೆಳಗಿನಿಂದ ಜಾರಿಕೊಂಡು ಬರುವುದು ಮಾತ್ರ ಬದಲಾಗಲಿಲ್ಲ. ಅವರ ಹಾಡಿನಲ್ಲೂ ಅದೇ ಜಾರು ಇದೆ. ಬಾಗಿಲು ಹಾಕಿಕೊಂಡು ನುಡಿಸು ಎಂದು ನಿನ್ನನ್ನು ಗದರುತ್ತಿದ್ದ ಮನೆ ಇವತ್ತು ಬಾಗಿಲು ತೆರೆದಿಟ್ಟು ಕೇಳಿತು.

"ನಿಮ್ಮ ತಮ್ಮನವರದ್ದೇ ಕೈ ಸರ್. ನಂಗೆ ಆಗ್ಲೇ ಗೊತ್ತಿತ್ತು" ಎಂದ ಇಂಜಿನಿಯರ್.

"ಹಾಗಾದ್ರೆ ಹೊರಗೂ ಹೇಳ್ತೀಯಾ?"

"ನಂಗೂ ಹೊಟ್ಟೆ ಇದೆಯಲ್ಲ ಸರ್. ಬದುಕಿದ್ದಿದ್ರೆ ಅವರೇ ನುಡಿಸಿ ತೋರಿಸ್ಬಹುದಿತ್ತು."

ಅವನು ಹೋದ ಮೇಲೆ ನಿನ್ನ ಹೆಂಡತಿ ಆಂಪ್ ಆರಿಸಿದಳು. ಪತ್ರಿಕೆಗಳು ನನ್ನ ದೂರನ್ನು ಅಚ್ಚು ಹಾಕುವುದಿಲ್ಲ, ಕಂಪನಿ ಉತ್ತರಿಸುವುದಿಲ್ಲ, ನೀನಂತೂ ಓದುವುದಿಲ್ಲ. ಆದರೂ ಕೇಳುತ್ತೇನೆ: ನಿನ್ನ ವಾದನಕ್ಕೆ ತನ್ನ ಹೆಸರು ಹಾಕಿಸಿಕೊಂಡು ಆ ಹಾಡಿಗೆ ಪ್ರಶಸ್ತಿ ತೆಗೆದುಕೊಂಡವನು ಅದೇ ವೇದಿಕೆಯ ಮೇಲೆ ನಿಂತು, ಗಿಟಾರ್ ನುಡಿಸಿದ್ದು ಯಾರ ಬೆರಳು ಎಂದು ಎಲ್ಲರ ಎದುರು ಹೇಳಲಿ.